ಫುಟ್‌ಪಾತಿಗೂ ಎಂಜಿನಿಯರ್ ಬೇಕು

ಮಾನ್ಯರೇ,

ಸಿಇಟಿ ಕೌನ್ಸೆಲಿಂಗ್ ಬಂತೆಂದರೆ ಸಿವಿಲ್ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಕಾಲ್ನಡಿಗೆಯವರಿಗೂ ಸೈಕಲ್ ತುಳಿಯುವವರಿಗೂ ದಾರಿ ಯೋಜಿಸುವುದು ಸಿವಿಲ್‌ನೊಳಗಿನ ಒಂದು ಪೂರ್ಣಾವಧಿ ವೃತ್ತಿ. ಮಂಗಳೂರಿಗೆ ಅಂಥವರು ಎಷ್ಟು ಬೇಕೆಂಬುದು ಹಂಪನಕಟ್ಟೆಯಿಂದ ಕಂಕನಾಡಿಗೆ ನಡೆದು ಹೋದರೆ ಕಾಲಿಗೇ ತಿಳಿಯುತ್ತದೆ.

ನಮ್ಮಲ್ಲಿ ಫುಟ್‌ಪಾತ್ ಎಂದರೆ ಹೆಚ್ಚಿನ ಕಡೆ ಮಳೆನೀರ ಚರಂಡಿಯ ಮೇಲಿನ ಸ್ಲ್ಯಾಬ್. ಮಳೆಗಾಲಕ್ಕೆ ಮುಂಚೆ ಹೂಳೆತ್ತಲು ಅದನ್ನು ಎಬ್ಬಿಸುತ್ತಾರೆ. ವಾಪಸ್ ಕೂರಿಸುವಾಗ ಗೋಡೆಯಂಚಿನ ಮಣ್ಣು ಕೆರೆಯುವುದಿಲ್ಲ. ಒಂದು ಮೂಲೆ ಎದ್ದು ನಿಲ್ಲುತ್ತದೆ, ಮೆಟ್ಟಿದರೆ ತೂಗುತ್ತದೆ. ಅಲ್ಲಲ್ಲಿ ತೆರೆಯುವ ಮುಚ್ಚಳ ಇಟ್ಟಿದ್ದರೆ ಎಲ್ಲ ಸ್ಲ್ಯಾಬ್ ಎತ್ತುವ ಪ್ರಮೇಯವೇ ಇರಲಿಲ್ಲ. ಇನ್ನು ಅಂಗಡಿ, ಮನೆ ಗೇಟುಗಳ ಕಥೆ. ಪ್ರತಿ ಗೇಟಿಗೂ ಫುಟ್‌ಪಾತನ್ನೇ ರಸ್ತೆಮಟ್ಟಕ್ಕೆ ಇಳಿಸುತ್ತಾರೆ. ಇಳಿಜಾರು ಬೇಕಾದದ್ದು ವಾಹನಕ್ಕೆ, ಅದನ್ನು ಕರ್ಬ್ (ಫುಟ್‌ಪಾತಿನ ಅಂಚುಗಲ್ಲು) ಬಳಿಯಲ್ಲೇ ಮುಗಿಸಿ ನಡೆಯುವ ಪಟ್ಟಿಯನ್ನು ಸಮತಟ್ಟಾಗಿ ಬಿಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ಕರ್ಬ್ ಎತ್ತರ 150 ಮಿ.ಮೀ. ದಾಟಬಾರದು, ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆಗಳು ನುಂಗಿದ್ದನ್ನು ಕಳೆದು ಉಳಿಯುವ ಅಗಲ ಅದು. ಟೆಂಡರಿನಲ್ಲಿ ಮಾತ್ರ ಒಟ್ಟು ಅಗಲವನ್ನೇ ತೋರಿಸುವ ರೂಢಿ.

ರಸ್ತೆ ದಾಟುವ ಜಾಗಕ್ಕೂ ಲೆಕ್ಕವಿದೆ. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ಗಂಟೆಗೆ ಹಾಯುವ ವಾಹನಗಳ ಸಂಖ್ಯೆಯಿಂದ ಎರಡು ಸಲ ಗುಣಿಸಬೇಕು. 200 ಜನ, 1,000 ವಾಹನ ಎಂದರೆ 20 ಕೋಟಿ. ಡಿವೈಡರ್ ಇರುವ ರಸ್ತೆಯಲ್ಲಿ ಇದನ್ನು ಮೀರಿದರೆ, ಇಲ್ಲದ ರಸ್ತೆಯಲ್ಲಿ 10 ಕೋಟಿ ಮೀರಿದರೆ, ವಾಹನಗಳನ್ನು ತಡೆದು ಜನರನ್ನು ದಾಟಿಸುವ ನಿಯಂತ್ರಿತ ಕ್ರಾಸಿಂಗ್ ಬೇಕು. ಈ ಸೂತ್ರವನ್ನೇ ನಂಬಿ ಕೂರುವಂತಿಲ್ಲ. ಹೆದರಿ ದಾಟದೇ ಉಳಿದವರು, ಆಟೋ ಹಿಡಿದು ಹೋದ ಅಜ್ಜಿ ಎಣಿಕೆಗೆ ಸಿಗುವುದಿಲ್ಲವಲ್ಲ! ಹಾಗಾಗಿ ಶಾಲೆ, ಆಸ್ಪತ್ರೆ, ಬಸ್ ತಂಗುದಾಣಗಳನ್ನು ಬೇರೆಯಾಗಿಯೇ ನೋಡಬೇಕು.

ಸೈಕಲ್ ಪಥವನ್ನು ಬಲ್ಮಠದ ಏರಿನಲ್ಲಿ ಎಳೆದು ಫಲವಿಲ್ಲ. ಪಣಂಬೂರು, ತಣ್ಣೀರುಬಾವಿ ಕಡೆಯ ಸಮತಟ್ಟು ನೆಲದಲ್ಲಿ ಶುರುವಾಗಲಿ, ಅದೂ ನಡುವೆ ಕರ್ಬ್ ಕಟ್ಟಿ ವಾಹನಗಳಿಂದ ಬೇರ್ಪಟ್ಟು. ಬರೀ ಬಣ್ಣದ ಗೆರೆ ಎಳೆದರೆ ಮರುದಿನವೇ ಅದು ಪಾರ್ಕಿಂಗ್.

ಓದಲು ದೂರ ಹೋಗಬೇಕಿಲ್ಲ, ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಸಾರಿಗೆ ಎಂಜಿನಿಯರಿಂಗ್ ಎಂ.ಟೆಕ್ ಇದೆ. ಯೋಜನೆಯತ್ತ ಒಲವಿದ್ದರೆ ದೆಹಲಿಯ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಇವೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್, ವಿನ್ಯಾಸ ಬಿಡಿಸುವ ಕ್ಯಾಡ್ ಕಲಿಯಲೇಬೇಕು, ಅಳತೆ ಟೇಪು ಹಿಡಿದು ಬಿಸಿಲಲ್ಲಿ ನಿಲ್ಲುವುದನ್ನೂ. ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದೊಂದು ಜಂಕ್ಷನ್ ಹಂಚಿಕೊಡಲಿ. ರಸ್ತೆಯ ಅಂದಾಜುಪಟ್ಟಿ ಮಂಜೂರಾಗುವ ಮುನ್ನ ಆ ಅಳತೆಗಳನ್ನು ಸ್ಥಳೀಯ ಆಡಳಿತ ತರಿಸಿಕೊಳ್ಳಲಿ.

— ರಸ್ತೆ ವಿನ್ಯಾಸಕರು, ಕದ್ರಿ, ಮಂಗಳೂರು