ಭೂ ನ್ಯಾಯಮಂಡಳಿಯ ಕಡತಗಳು ಮತ್ತು ನಿನ್ನ ಮೊದಲ ಲೇಖನ

ಸಾಗರ

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕಳಿಸಿದ ಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದಿದೆ. 1974ರ ಭೂಸುಧಾರಣಾ ತಿದ್ದುಪಡಿ, ಒಡೆಯರ ಜಮೀನನ್ನು ಗೇಣಿಗೆ ಉಳುತ್ತಿದ್ದವರ ಅರ್ಜಿ ವಿಚಾರಿಸಿ ಅದನ್ನು ಜಾರಿಗೆ ತಂದ ನ್ಯಾಯಮಂಡಳಿಗಳು, ಅದೂ ನಮ್ಮದೇ ಜಿಲ್ಲೆಯ ಕಡತಗಳು. ಇಂಥ ವಿಷಯ ಹಿಡಿದ ಹುಡುಗಿ, ಹಣ ಕಟ್ಟಿದರೆ ಎರಡು ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವವರ ಕೈಗೆ ಅದನ್ನು ಕೊಡುವ ಯೋಚನೆ ಮಾಡಿದ್ದು ಕಂಡು ನನಗೆ ಸಂಕಟವಾಯಿತು.

ನಿನಗಿರುವ ಅವಸರಕ್ಕೆ ಕಾರಣವೇ ಇಲ್ಲದಿರಬಹುದು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿದೆಯೇ ಎಂದು ವಿಚಾರಿಸು. ಒಪ್ಪಬಹುದಾದ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಯಾವ ಪತ್ರಿಕೆ ಗಟ್ಟಿ, ಯಾವುದು ಜೊಳ್ಳು ಎಂಬುದನ್ನು ನೀನೇ ನೋಡಿ ತಿಳಿಯಬೇಕು. ಗೇಣಿಯ ಬಗ್ಗೆ ನೀನು ಯಾರ ಬರಹಗಳನ್ನು ಓದಿ ಕಲಿತೆಯೋ ಅವರು ತಮ್ಮ ಲೇಖನಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ನೋಡು. ಅದಕ್ಕಿಂತ ಒಳ್ಳೆಯ ಪಟ್ಟಿ ಬೇಕಿಲ್ಲ.

ಇನ್ನು ಅಧ್ಯಾಯದ ಮಾತು. 1957ರ ಬಿ.ಡಿ. ಜತ್ತಿ ಸಮಿತಿಯ ವರದಿ, 1961ರ ಭೂಸುಧಾರಣಾ ಕಾಯ್ದೆ, 1965ರ ಅಕ್ಟೋಬರ್ 2ರಂದು ಅದು ಜಾರಿಗೆ ಬಂದದ್ದು, ಆಮೇಲೆ ದೇವರಾಜ ಅರಸರ ಕಾಲದ ತಿದ್ದುಪಡಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿದ್ದು. ಎಲ್ಲವೂ ಸರಿ, ಒಂದು ತಾರೀಖೂ ತಪ್ಪಿಲ್ಲ. ಆದರೆ ಪಲ್ಲವಿ, ಇದು ಸರ್ಕಾರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕ್ರಮ. ಇದನ್ನೇ ನೀನೂ ಹೇಳಿದರೆ ಪತ್ರಾಗಾರದಲ್ಲಿ ಕುಳಿತು ಧೂಳು ಕುಡಿದದ್ದಕ್ಕೆ ಅರ್ಥವೇನು? ಕಾಯ್ದೆ ಅಂಗೀಕಾರವಾಗಿ ಜಾರಿಗೆ ಬರುವ ನಡುವೆ ವರ್ಷಗಳೇ ಉರುಳಿದವು, ಮೇಲಾಗಿ ಸ್ವಂತ ಸಾಗುವಳಿಗೆಂದು ಜಮೀನು ಹಿಂಪಡೆಯುವ ಅವಕಾಶವನ್ನು ಆ ಕಾಯ್ದೆಯೇ ಒಡೆಯರಿಗೆ ಕೊಟ್ಟಿತ್ತು. ಆ ವರ್ಷಗಳಲ್ಲಿ ಪಹಣಿಯ ಸಾಗುವಳಿದಾರರ ಕಾಲಂನಿಂದ ಯಾರ ಹೆಸರು ಹೋಯಿತು, ಯಾರ ಹೆಸರು ಬಂತು? ನಿನ್ನ ಲೇಖನ ಇಲ್ಲಿಂದ ಹುಟ್ಟಬೇಕು. ಒಂದು ತಾಲ್ಲೂಕು, ಒಂದು ಪ್ರಶ್ನೆ, ಅಷ್ಟು ಸಾಕು. ಉಳಿದದ್ದು ಪುಸ್ತಕಕ್ಕೆ ಇರಲಿ.

ನ್ಯಾಯಮಂಡಳಿಯ ಭಾಗವನ್ನು ನೀನು ಎರಡು ಪುಟದಲ್ಲಿ ಮುಗಿಸಿದ್ದೀಯ. ನನ್ನ ಮಟ್ಟಿಗೆ ಅಧ್ಯಾಯದ ಜೀವ ಇರುವುದೇ ಅಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನಾಮಕರಣ ಮಾಡಿದ ಸದಸ್ಯರು, ಅವರಲ್ಲಿ ಪರಿಶಿಷ್ಟರ ಪ್ರಾತಿನಿಧ್ಯ. ವಕೀಲರಿಗೆ ಪ್ರವೇಶವಿಲ್ಲ. ಆರಂಭದಲ್ಲಿ ಮೇಲ್ಮನವಿಯೂ ಇಲ್ಲ, ಒಪ್ಪದವರು ರಿಟ್ ಹಿಡಿದು ಹೈಕೋರ್ಟಿಗೆ ಹೋಗಬೇಕು. ವಕೀಲರ ಮೇಲಿನ ಆ ನಿಷೇಧ ನಿಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1987ರಲ್ಲಿ. ಅಂದರೆ ಅಷ್ಟು ವರ್ಷ ಗೇಣಿದಾರ ತನ್ನ ಒಡೆಯನ ಎದುರು ತಾನೇ ನಿಂತು ಬಾಯಿಬಿಡಬೇಕಿತ್ತು. ಅದು ಬಡವನಿಗೆ ಅನುಕೂಲವಾಯಿತೇ, ಅಥವಾ ಊರ ಯಜಮಾನರನ್ನು ಕಂಡು ಅವನ ನಾಲಿಗೆ ಕಟ್ಟಿತೇ? ಉತ್ತರ ಊರಿಂದೂರಿಗೆ ಬೇರೆಯಾಗಿದ್ದೀತು. ಹೆಬ್ಬೆಟ್ಟು ಒತ್ತಿದ ಹೇಳಿಕೆಗಳನ್ನು ಒಂದೊಂದಾಗಿ ಓದು. ಹೇಳಿದವನು ಗೇಣಿದಾರನಾದರೂ ಬರೆದುಕೊಂಡವನು ಗುಮಾಸ್ತ ಎಂಬುದು ನೆನಪಿರಲಿ. ಅರ್ಜಿ ಬೇಡವೆಂದು ತಾನೇ ಹಿಂದೆಗೆದುಕೊಂಡವರ ಕಡತ ಸಿಕ್ಕರೆ ಮೊದಲು ಅದನ್ನೇ ಕೈಗೆತ್ತಿಕೋ.

ಅಂಕಿಗಳ ಬಗ್ಗೆಯೂ ಒಂದು ಮಾತು. ಉಳುವ ಜಮೀನಿನ ಒಡೆತನ ಕೋರಿ ಗೇಣಿದಾರರು ಹಾಕಿದ ನಮೂನೆ 7ರ ಅರ್ಜಿಗಳು ರಾಜ್ಯದಲ್ಲಿ ಸುಮಾರು 8 ಲಕ್ಷ ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾದವು ಎಂದು ಎಲ್ಲರೂ ಬರೆಯುತ್ತಾರೆ, ನೀನೂ ಬರೆದಿದ್ದೀಯ. ಅರ್ಜಿ ಎಂದರೆ ಕುಟುಂಬವಲ್ಲ. ಅರ್ಜಿಯ ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು, ಅಷ್ಟರಲ್ಲಿ ಒಬ್ಬನೇ ಎರಡು ಸಲ ಅರ್ಜಿ ಹಾಕಿದ್ದರೆ? ಕರಾವಳಿ, ಮಲೆನಾಡುಗಳಲ್ಲಿ ಗೇಣಿ ದಟ್ಟವಾಗಿತ್ತು, ಫಲವೂ ಅಲ್ಲೇ ಹೆಚ್ಚು ಸಿಕ್ಕಿತು. ಗೇಣಿಯೂ ಇಲ್ಲದೆ ಬರೀ ಕೂಲಿಯಿಂದ ಬದುಕಿದವರಿಗೆ ಸಿಕ್ಕಿದ್ದು ಅಲ್ಪ. ಅರಸರನ್ನು ಎತ್ತಿ ಹಿಡಿಯುವವರೂ ಅವರದು ಬರೀ ಮಾತು ಎನ್ನುವವರೂ ಇದೇ ಒಂದು ಸಂಖ್ಯೆಯನ್ನು ಹಿಡಿದು ಜಗಳವಾಡುತ್ತಾರೆ. ನಿನ್ನ ತಾಲ್ಲೂಕಿನ ರಿಜಿಸ್ಟರಿನಿಂದ ನೀನೇ ಎಣಿಸಿದ ಚಿಕ್ಕ ಸಂಖ್ಯೆ ಅದಕ್ಕಿಂತ ಬೆಲೆಯುಳ್ಳದ್ದು.

ಈಗ ಬರೆಯುವುದು ಸ್ವಲ್ಪ ಕಷ್ಟದ ಮಾತು. ನಮ್ಮ ಮನೆಯ ಗದ್ದೆಗಳೂ ಅದೇ ಕಾಯ್ದೆಯಲ್ಲಿ ಹೋದವು. ನಿನ್ನ ಅಜ್ಜ ಇರುವವರೆಗೂ ಅನ್ಯಾಯವಾಯಿತು ಎಂದೇ ಹೇಳಿದರು, ನೀನು ಅದನ್ನು ಕೇಳಿ ಬೆಳೆದವಳು. ನಮ್ಮ ಗದ್ದೆ ಉಳುತ್ತಿದ್ದವರ ಮೊಮ್ಮಕ್ಕಳು ಕೇಳಿ ಬೆಳೆದ ಕಥೆ ಬೇರೆ. ಲೇಖನದ ಮೊದಲ ಅಡಿಟಿಪ್ಪಣಿಯಲ್ಲೇ ನೀನು ಒಡೆಯರ ಮನೆಯ ಹುಡುಗಿ ಎಂದು ಬರೆ. ಚಿಕ್ಕಪ್ಪಂದಿರು ಬೇಸರ ಮಾಡಿಕೊಂಡರೆ ನಾನು ಮಾತನಾಡುತ್ತೇನೆ. ಇಲ್ಲಿಂದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರ ಕೊಳಗ ದೊಡ್ಡದು ಎಂಬುದು ಅವರ ದೂರು. ಇಂಥ ಸಂಗತಿಗಳನ್ನು ಬರೀ ಸರ್ಕಾರಿ ಕಾಗದದಲ್ಲಿ ಹುಡುಕಬೇಡ, ನಮ್ಮ ಮನೆಯ ಮಾತಿನಲ್ಲಂತೂ ಸಿಗುವುದೇ ಇಲ್ಲ. ಆ ಮನೆಗಳಿಗೆ ಹೋಗಿ ಕುಳಿತು ಕೇಳು. ಕಡತದಲ್ಲಿರುವವರ ಹೆಸರುಗಳನ್ನು ಮಾತ್ರ ಬದಲಿಸು, ಆ ಸರ್ವೆ ನಂಬರುಗಳ ಮೇಲೆ ಇಂದಿಗೂ ವ್ಯಾಜ್ಯ ನಡೆಯುತ್ತಿರಬಹುದು.

ಎಲ್ಲಿಗೆ ಕಳಿಸಲಿ ಎಂದು ಕೇಳಿದ್ದೀಯ. ಕೇಂಬ್ರಿಜ್‌ನವರ ಜರ್ನಲ್ ಆಫ್ ಪಾಲಿಸಿ ಹಿಸ್ಟರಿಯಲ್ಲಿ ಅಮೆರಿಕದ ವಿಷಯವೇ ಹೆಚ್ಚು. ಅಲ್ಲಿಯ ಓದುಗರಿಗೆ ಗೇಣಿ ಏನೆಂಬುದನ್ನು ವಿವರಿಸುವುದರಲ್ಲೇ ನಿನ್ನ ಪುಟಗಳು ಮುಗಿದಾವು. ನನ್ನ ಆಯ್ಕೆ ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ. ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡ. ವಿಮರ್ಶಕರ ಅಭಿಪ್ರಾಯ ಬರಲು ತಿಂಗಳುಗಳೇ ಹಿಡಿದಾವು, ಬಂದಾಗ ನೋವೂ ಆದೀತು. ಒಂದೆರಡು ದಿನ ಬದಿಗಿಟ್ಟು, ಆಮೇಲೆ ಪ್ರತಿ ಆಕ್ಷೇಪಕ್ಕೂ ಉತ್ತರ ಬರೆ. ಒಪ್ಪದ ಕಡೆ ಒಪ್ಪುವುದಿಲ್ಲವೆಂದು ಕಾರಣ ಸಹಿತ ಹೇಳು, ಯಾರೂ ಕೋಪಿಸಿಕೊಳ್ಳುವುದಿಲ್ಲ.

ಇಂಗ್ಲಿಷಿನದು ಪ್ರಕಟವಾದ ಮೇಲೆ ಕನ್ನಡದಲ್ಲಿ ಹೊಸದಾಗಿ ಬರೆಯಲೇಬೇಕು. ನಿನಗೆ ಹೇಳಿಕೆ ಕೊಟ್ಟ ಮನೆಯವರು ಓದಿ, ಇದು ಸರಿ, ಇದು ತಪ್ಪು ಎನ್ನುವಂತಿರಬೇಕು. 2020ರ ತಿದ್ದುಪಡಿಯಿಂದ ಕೃಷಿ ಜಮೀನು ಯಾರು ಬೇಕಾದರೂ ಕೊಳ್ಳಬಹುದಾಗಿದೆ. ಹಿಂದೆ ಕೃಷಿಕರಲ್ಲದವರು ಕೊಳ್ಳಬಾರದೆಂಬ ನಿರ್ಬಂಧ ಏಕೆ ಬಂದಿತ್ತು ಎಂದು ಕೇಳುವ ಹುಡುಗರಿಗೆ ಹಿಡಿದು ತೋರಿಸಲು ಕನ್ನಡದಲ್ಲಿ ಗಟ್ಟಿಯಾದ ಬರಹ ಬೇಕು.

ಕರಡನ್ನು ಮುದ್ರಿಸಿಯೇ ಕಳಿಸು, ಅಂಚು ಅಗಲವಾಗಿ ಬಿಡು. ನಾಮಕರಣ ಸದಸ್ಯರ ಪಟ್ಟಿ ಗೆಜೆಟ್‌ನಲ್ಲಿ ಸಿಕ್ಕಿತೇ ಎಂಬುದನ್ನೂ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ