ರಜೆಗೆ ಬಂದಾಗ ಮನೆಯಲ್ಲಿರು, ಗೆಳೆಯಾ

ಬಸವನಗುಡಿ, ಬೆಂಗಳೂರು
ಮೇ ಕೊನೆಯ ವಾರ

ಪ್ರೀತಿಯ ಗೆಳೆಯಾ,

ಜುಲೈನಲ್ಲಿ ದುಬೈಯಿಂದ ಬರುತ್ತಿದ್ದೀಯೆ ಎಂದು ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಜತೆಗೆ ಕಳಿಸಿದ್ದೆಯಲ್ಲ, ಆ ಪಟ್ಟಿ, ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಮಡಿಕೇರಿ, ಅಲ್ಲಿಂದ ಊಟಿ, ತಿರುಗಿ ಬಂದವನೇ ಗೋಕರ್ಣ. ನಡುವೆ ಅಕ್ಕನ ಮನೆ, ಮಾವನ ಮನೆ, ಧರ್ಮಸ್ಥಳದ ಹರಕೆ. ನಿಮ್ಮಲ್ಲಿ ಕಾನೂನಿನ ಪ್ರಕಾರ ವರ್ಷಕ್ಕೆ ಸಿಗುವುದು 30 ದಿನದ ರಜೆ. ಅದರಲ್ಲಿ ದಾವಣಗೆರೆಯ ನಿಮ್ಮ ಸ್ವಂತ ಮನೆಯಲ್ಲಿ ನೀನೂ ಅತ್ತಿಗೆಯೂ ಇಬ್ಬರೇ ಕೂತು ಅನ್ನ ಸಾರು ಉಣ್ಣುವ ದಿನಗಳು ಎಷ್ಟು ಉಳಿದಿವೆ ಎಂದು ಹುಡುಕಿದೆ. ಒಂದೂ ಕಾಣಲಿಲ್ಲ.

"ನಿನ್ನ ಹೆಂಡತಿ ಬಂದಾಗ ನೀವಿಬ್ಬರೂ ಎಲ್ಲೆಲ್ಲಿ ಹೋಗುತ್ತೀರಿ, ಒಳ್ಳೆಯ ಜಾಗ ಇದ್ದರೆ ಹೇಳು" ಎಂದು ಕೇಳಿದ್ದೀಯೆ. ಅದಕ್ಕೆ ಉತ್ತರವೇ ಈ ಪತ್ರ. ಅತ್ತಿಗೆಗೂ ಓದಲು ಕೊಡು. ನಮ್ಮಂತೆ ದೂರ ದೂರ ಸಂಸಾರ ಮಾಡುವವರು ಈಗ ಮನೆಗೊಬ್ಬರು ಇದ್ದಾರೆ, ಹಾಗಾಗಿ ಎಲ್ಲರೂ ಓದುವ ಕಡೆಯಲ್ಲೂ ಇದನ್ನು ಹಾಕುತ್ತಿದ್ದೇನೆ. ಇವಳು ಒಪ್ಪಿದ್ದಾಳೆ.

ಕಲಬುರಗಿಯ ಕಾಲೇಜಿನಲ್ಲಿ ಪಾಠ ಮಾಡುವ ಇವಳು ಇಲ್ಲಿಗೆ ಬಂದು ಕೆಲವು ವಾರಗಳಾದವು. ಮೌಲ್ಯಮಾಪನದ ಕೆಲಸ ಮುಗಿಸಿಕೊಂಡು ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಳು. ಅಲ್ಲಿಂದ ಇಬ್ಬರೂ ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದೆವು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ತೊಗರಿ ಬೇಳೆ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿನಗೂ ಗೊತ್ತಿರಬಹುದು. ಇಲ್ಲಿಯ ಅಂಗಡಿಯಲ್ಲೂ ಅದು ಸಿಗುತ್ತದೆ ಎಂದು ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಅವಳು ಹೊತ್ತು ತರುತ್ತಾಳೆ. ಅವಳೇ ಆರಿಸಿ ತಂದ ಬೇಳೆ ಎಂಬ ಕಾರಣಕ್ಕೆ, ಅವಳು ಹೋದ ಮೇಲೂ ಅದು ಮುಗಿಯುವವರೆಗೆ ನಾನು ಬೇರೆ ಬೇಳೆ ತರುವುದಿಲ್ಲ.

ಈ ಸಲ ನಾವು ಎಲ್ಲಿಗೂ ಹೋಗಲಿಲ್ಲ. ನಾನು ರಜೆಯನ್ನೂ ಹೆಚ್ಚು ಹಾಕಲಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಬ್ಯಾಂಕಿಗೆ ಹೋಗುವುದು, ಸಂಜೆ ಬರುವುದು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮನೆ ಕೆಲಸ. ಹೆಂಡತಿ ಅಷ್ಟು ದೂರದಿಂದ ಬಂದಿರುವಾಗ ಕೆಲಸಕ್ಕೆ ಹೋಗುತ್ತಾನಲ್ಲ ಎಂದು ಪಕ್ಕದ ಮೇಜಿನವರು ಆಶ್ಚರ್ಯಪಟ್ಟರು. ನಮಗೆ ಬೇಕಾಗಿದ್ದದ್ದೇ ಅದು. ನಾನು ಕೆಲಸಕ್ಕೆ ಹೋಗುವಾಗ ಅವಳು ಬಾಗಿಲಲ್ಲಿ ನಿಂತು "ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ" ಎಂದು ಹೇಳಬೇಕು. ಬರುವಾಗ ನಾನದನ್ನು ತರಬೇಕು. ಮದುವೆಯಾದವರಿಗೆಲ್ಲ ದಿನವೂ ಸಿಗುವ ಸುಖ ಇದು. ನನಗೂ ನಿನಗೂ ವರ್ಷಕ್ಕೆ ಕೆಲವೇ ದಿನ ಸಿಗುತ್ತದೆ. ಅದನ್ನು ಊಟಿಯ ಹೋಟೆಲಿನ ಕೋಣೆಗೆ ಏಕೆ ಕೊಡಬೇಕು?

ನಾವು ದಿನವೂ ಫೋನಿನಲ್ಲಿ ಮಾತಾಡುತ್ತೇವೆ. ನೀನೂ ಮಾತಾಡುತ್ತೀಯೆ. ಇಲ್ಲಿ ರಾತ್ರಿ ಹತ್ತಾದರೆ ನಿನಗೆ ಎಂಟೂವರೆ, ಅಡುಗೆ ಮಾಡುತ್ತಲೇ ಅತ್ತಿಗೆಗೆ ಮುಖ ತೋರಿಸುತ್ತೀಯೆ ಎಂದು ಹೇಳಿದ್ದೆ. ಆದರೆ ಫೋನಿನಲ್ಲಿ ನಾವು ಹೇಳುವುದು ಹೇಳುವಂಥದ್ದನ್ನು ಮಾತ್ರ. ಪ್ರಾಂಶುಪಾಲರು ಬದಲಾದರು, ಮನೆ ಬಾಡಿಗೆ ಏರಿತು, ಚಿಕ್ಕಪ್ಪನಿಗೆ ಜ್ವರ. ಹೇಳುವಂಥದ್ದಲ್ಲ ಎಂದು ಬಿಟ್ಟದ್ದೆಲ್ಲ ಹಾಗೆಯೇ ಬಿಟ್ಟು ಹೋಗುತ್ತದೆ. ಸಂಸಾರದ ಮುಕ್ಕಾಲು ಪಾಲು ಇರುವುದು ಆ ಬಿಟ್ಟುಹೋದದ್ದರಲ್ಲಿಯೇ ಎಂಬುದು ನನಗೆ ಈಗ ಖಚಿತವಾಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ಬಂದ ಮರುದಿನ ಬೆಳಿಗ್ಗೆ ಎಂದಿನಂತೆ ಫಿಲ್ಟರಿಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಸಿ, ಇಬ್ಬರಿಗೂ ಕಾಫಿ ಬೆರೆಸಿದೆ. ಅವಳು ಕುಡಿದಳು, ಚೆನ್ನಾಗಿದೆ ಎಂದಳು. ಎರಡು ಮೂರು ದಿನ ಹೀಗೆಯೇ ನಡೆಯಿತು. ಆಮೇಲೊಂದು ಬೆಳಿಗ್ಗೆ ನಾನು ಏಳುವುದರೊಳಗೆ ಅಡುಗೆಮನೆಯಿಂದ ಶುಂಠಿ ಜಜ್ಜುವ ಸದ್ದು. ಹೋಗಿ ನೋಡಿದರೆ ಚಹಾ ಕುದಿಯುತ್ತಿದೆ. "ನನಗೆ ಬೆಳಿಗ್ಗೆ ಈಗ ಚಹಾನೇ ಅಭ್ಯಾಸ. ಅಲ್ಲಿ ಎಲ್ಲರೂ ಅದನ್ನೇ ಕುಡಿಯುವುದು" ಎಂದಳು. ಯಾವಾಗಿನಿಂದ ಎಂದು ಕೇಳಿದರೆ, ಹೋದ ವರ್ಷದಿಂದ. ದಿನವೂ ಮಾತಾಡಿದ್ದೇವೆ, ಒಂದು ರಾತ್ರಿಯೂ ತಪ್ಪಿಸಿಲ್ಲ. ಆದರೂ ನನ್ನ ಹೆಂಡತಿ ಬೆಳಿಗ್ಗೆ ಏನು ಕುಡಿಯುತ್ತಾಳೆ ಎಂಬುದು ನನಗೆ ತಿಳಿದಿರಲಿಲ್ಲ. "ಹೇಳುವಂಥ ವಿಷಯವೇ ಅಲ್ಲವಲ್ಲ" ಎಂದಳು ಅವಳು. ನಿಜವೇ. ಆ ಚಹಾವನ್ನು ಅವಳ ಪಕ್ಕದಲ್ಲಿ ನಿಂತು ಕುಡಿದಾಗ ನನಗೆ ಏನನ್ನೋ ಮರಳಿ ಪಡೆದಂತೆ ಆಯಿತು. ಈಗ ನಮ್ಮ ಒಲೆಯ ಮೇಲೆ ಬೆಳಿಗ್ಗೆ ಎರಡು ಪಾತ್ರೆ.

ಫ್ಯಾನಿನ ವಿಷಯವೂ ಹಾಗೆಯೇ. ಕಲಬುರಗಿಯ ಬೇಸಿಗೆ ಎಂದರೆ 42 ಡಿಗ್ರಿ. ಏಪ್ರಿಲ್, ಮೇ ಬಂತೆಂದರೆ ಅಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಅಂಥ ಕಡೆಯಿಂದ ಬಂದವಳಿಗೆ ಎಂದು ನಾನು ಫ್ಯಾನನ್ನು ಪೂರ್ತಿ ಜೋರಾಗಿ ಹಾಕಿದ್ದೆ. ಅವಳಿಗೆ ಇಲ್ಲಿ ಚಳಿ! ರಾತ್ರಿಯೆಲ್ಲ ಹೊದಿಕೆ ಎಳೆದುಕೊಂಡು ಮುದುಡಿ ಮಲಗಿದ್ದಾಳೆ, ನನಗೆ ಸೆಕೆಯಾದೀತೆಂದು ಹೇಳಿಲ್ಲ. ನಾನು ಅವಳಿಗಾಗಿ ಹಾಕಿ ನಡುಗಿದ್ದೇನೆ. ಮೊದಲ ಕೆಲವು ದಿನ ನಾವಿಬ್ಬರೂ ಹೀಗೆ ಒಬ್ಬರಿಗೊಬ್ಬರು ನೆಂಟರು. ನೀನೇ ಮೊದಲು ಸ್ನಾನ ಮಾಡು, ನಿಮಗೆ ಇನ್ನೊಂದು ಚೂರು ಪಲ್ಯ ಹಾಕಲೇ. ಈ ನೆಂಟಸ್ತನ ಕಳೆಯಲು ಸಮಯ ಬೇಕು ಗೆಳೆಯಾ. ಅದು ಪ್ರವಾಸದಲ್ಲಿ ಕಳೆಯುವುದಿಲ್ಲ, ಅಲ್ಲಿ ಇಬ್ಬರೂ ಇನ್ನೊಬ್ಬರ ಊರಿಗೆ ನೆಂಟರೇ ಆಗಿರುತ್ತೀರಿ. ನಮಗೆ ಅದು ಕಳೆದದ್ದು ಉಪ್ಪಿನ ಜಾಡಿ ಎಲ್ಲಿರಬೇಕು ಎಂಬ ವಾದದಲ್ಲಿ. ಅವಳು ಒಲೆಯ ಎಡಕ್ಕೆ ಇಟ್ಟಳು, ನಾನು ಬಲಕ್ಕೆ. ಎರಡು ದಿನ ಅದು ಆಚೆ ಈಚೆ ಓಡಾಡಿತು. ಮೂರನೆಯ ದಿನ "ಇದು ನನ್ನ ಅಡುಗೆಮನೆ ಕೂಡ" ಎಂದು ದನಿ ಏರಿಸಿದಳು. ಜಾಡಿ ಎಡಕ್ಕೆ ಹೋಯಿತು. ಅಂದಿನಿಂದ ಇಬ್ಬರೂ ಉಸಿರು ಬಿಟ್ಟು ಹಗುರಾದೆವು, ಫ್ಯಾನೂ ಎರಡಕ್ಕೆ ಬಂದು ನಿಂತಿತು.

ನಾವು ಸಂಡಿಗೆ ಇಟ್ಟದ್ದನ್ನು ನಿನಗೆ ಹೇಳಲೇಬೇಕು. ಒಬ್ಬನೇ ಇರುವಾಗ ಸಂಡಿಗೆಯ ಯೋಚನೆಯೂ ನನಗೆ ಬರುವುದಿಲ್ಲ. ಅದು ಒಬ್ಬರ ಕೆಲಸವಲ್ಲ. ಹಿಂದಿನ ರಾತ್ರಿಯೇ ಅಕ್ಕಿ ಹಿಟ್ಟು ಜರಡಿ ಹಿಡಿದು, ಹಸಿಮೆಣಸಿನಕಾಯಿ ಅರೆದು ಇಟ್ಟೆವು. ಬೆಳಿಗ್ಗೆ ಇನ್ನೂ ಕತ್ತಲಿರುವಾಗ ಎದ್ದು ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಉಪ್ಪು, ಜೀರಿಗೆ, ಇಂಗು, ಮೆಣಸಿನಕಾಯಿ ಹಾಕಿದಳು. ಹಿಟ್ಟು ಸುರಿಯುವುದು ಅವಳು, ಕೋಲಿನಲ್ಲಿ ತಿರುವುವುದು ನಾನು. ಗಂಟಾಗಬಾರದು, ತಳ ಹಿಡಿಯಬಾರದು. ತಿರುವುತ್ತಾ ತಿರುವುತ್ತಾ ಬಿಳಿಯ ಹಿಟ್ಟು ಹೊಳಪಿಗೆ ಬರುತ್ತದೆ, ಪಾತ್ರೆಯ ಅಂಚು ಬಿಡುತ್ತದೆ. ಆಗ ಇಳಿಸಿ, ಒಂದಿಷ್ಟು ನಿಂಬೆರಸ ಹಿಂಡಿ, ಮುಚ್ಚಿಕೊಂಡು ತಾರಸಿಗೆ ಹೊತ್ತೆವು. ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಾಯಿತು. ಹಿಟ್ಟು ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಚಕ್ಕುಲಿ ಒರಳಿನಲ್ಲಿ ಇಳಿಯುವುದಿಲ್ಲ. ಅವಳು ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಒರಳಿಗೆ ತುಂಬುತ್ತಿದ್ದಳು, ನಾನು ಮಂಡಿಯೂರಿ ಒತ್ತುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದೆ. ಅರ್ಧ ಹಾಳೆ ತುಂಬುವಷ್ಟರಲ್ಲಿ ಸೂರ್ಯ ಎದುರಿನ ತೆಂಗಿನ ಮರದ ಮೇಲೆ ಬಂದಿದ್ದ.

ಒತ್ತುವುದು ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಹಿಟ್ಟನ್ನು ಇಬ್ಬರೂ ಅಲ್ಲೇ ಕೂತು, ಒಂದು ತೊಟ್ಟು ಎಣ್ಣೆ ಹಾಕಿಕೊಂಡು ತಿಂದೆವು. ಸಂಡಿಗೆ ಹಿಟ್ಟಿನ ರುಚಿ ಕರಿದ ಸಂಡಿಗೆಗೂ ಇಲ್ಲ, ಅಲ್ಲವೇ? ನೀನು ಚಿಕ್ಕವನಿದ್ದಾಗ ನಿಮ್ಮ ಅಜ್ಜಿಯ ಕಣ್ಣು ತಪ್ಪಿಸಿ ಅರ್ಧ ಒಣಗಿದ್ದನ್ನೇ ಕಿತ್ತು ತಿನ್ನುತ್ತಿದ್ದೆ. ಸುಮಾರು ಒಂದು ಗಂಟೆ ಅಲ್ಲೇ ಕಾಗೆ ಓಡಿಸುತ್ತಾ ಕೂತಿದ್ದೆವು. ಆ ಒಂದು ಗಂಟೆಯಲ್ಲಿ ಇಬ್ಬರೂ ಹತ್ತು ಮಾತು ಕೂಡ ಆಡಿರಲಿಕ್ಕಿಲ್ಲ. ಫೋನಿನಲ್ಲಿ ಹತ್ತು ಕ್ಷಣ ಸುಮ್ಮನಾದರೆ "ಹಲೋ, ಕೇಳಿಸುತ್ತಿದೆಯೇ?" ಎನ್ನಬೇಕಾಗುತ್ತದೆ. ಜತೆಯಲ್ಲಿದ್ದಾಗ ಮಾತ್ರ ಹೀಗೆ ಏನೂ ಹೇಳದೆ ಕೂರಬಹುದು. ನನಗೆ ಅವಳಿಲ್ಲದ ತಿಂಗಳುಗಳಲ್ಲಿ ಹೆಚ್ಚು ಕಾಡುವುದು ಅವಳ ಮಾತಲ್ಲ, ಮಾತು ದಿನವೂ ಸಿಗುತ್ತದೆ. ಈ ಸುಮ್ಮನೆ ಕೂರುವುದು ಸಿಗುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು. ಬೆಂಗಳೂರಿನ ಮೇ ತಿಂಗಳು ನಿನಗೆ ಗೊತ್ತಲ್ಲ. ಹನಿ ಬೀಳುವ ಮೊದಲೇ ಅವಳೂ ಕೆಳಮನೆಯ ಆಂಟಿಯೂ ಹಾಳೆಯನ್ನು ನಾಲ್ಕು ಕಡೆ ಹಿಡಿದು ಮೆಟ್ಟಿಲಿಳಿಸಿ ಒಳಗೆ ತಂದರಂತೆ. ನಾನು ಸಂಜೆ ಬರುವಾಗ ನಡುಮನೆಯ ತುಂಬ ಸಂಡಿಗೆ, ಮೇಲೆ ತಿರುಗುವ ಫ್ಯಾನು, ನಡೆಯಲು ಗೋಡೆಯ ಪಕ್ಕ ಒಂದು ಅಡಿ ಜಾಗ. "ಕಲಬುರಗಿಯಲ್ಲಾದರೆ ಒಂದೇ ಬಿಸಿಲಿಗೆ ಒಣಗುತ್ತಿತ್ತು" ಎಂದು ಅವಳ ದೂರು. ಇಲ್ಲಿ ಮೂರು ದಿನ ಹಿಡಿಯಿತು. ಆ ಮೂರೂ ದಿನ ಸಂಜೆ ಬಂದೊಡನೆ ನನ್ನ ಮೊದಲ ಪ್ರಶ್ನೆ ಸಂಡಿಗೆಯದೇ.

ಹೊರಗೆ ಹೋಗಲೇ ಇಲ್ಲ ಎಂದಲ್ಲ. ದೋಸೆ ಹಿಟ್ಟು ಮುಗಿದಿದ್ದ ಒಂದು ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ನಡೆದು ಹೋದೆವು. 1943ರಿಂದ ಇರುವ ಹೋಟೆಲಿಗೆ ಪ್ರವಾಸಿಗರಂತೆ ಹೋಗದೆ, ಮನೆಯಲ್ಲಿ ತಿಂಡಿಯಿಲ್ಲದ ಕಾರಣಕ್ಕೆ ಹೋಗುವುದರಲ್ಲಿ ಬೇರೆಯೇ ಒಂದು ಸಮಾಧಾನವಿದೆ. ಬಸ್ಸಿನಲ್ಲಿ ಅವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ, ನಾನು ದುಡ್ಡು ಕೊಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸೇ ಇಷ್ಟ, ಆಟೊ ಎಂದರೆ ಬೇಡ ಎನ್ನುತ್ತಾಳೆ. ಭಾನುವಾರ ಸಂಜೆ ಲಾಲ್‌ಬಾಗಿನ ಬಂಡೆ. ಅವಳು ಭೂಗೋಳದ ಉಪನ್ಯಾಸಕಿಯಲ್ಲವೇ, ಹೈದರ್ ಅಲಿ 1760ರಲ್ಲಿ ತೋಟ ಹಾಕಿಸಿದ್ದು ನಿನ್ನೆ ಮೊನ್ನೆ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಪ್ರತಿ ಸಲ ಹೇಳುತ್ತಾಳೆ. ನಾನು ಪ್ರತಿ ಸಲ ಕೇಳುತ್ತೇನೆ. ಕೇಳಿದ್ದನ್ನೇ ಕೇಳುವುದು ಎಷ್ಟು ಹಿತ ಎಂದು ದಿನವೂ ಜತೆಯಲ್ಲಿರುವವರಿಗೆ ಹೇಳಿದರೆ ನಂಬುವುದಿಲ್ಲ, ನೀನು ನಂಬುತ್ತೀಯೆ.

ರಾತ್ರಿ ಊಟಕ್ಕೆ ಹೆಚ್ಚಾಗಿ ರೊಟ್ಟಿ. ಕಲಬುರಗಿಯ ಮನೆ ಮಾಲೀಕರ ತಾಯಿಯಿಂದ ಕಲಿತದ್ದು. ಬಿಸಿನೀರಿನಲ್ಲಿ ಹಿಟ್ಟು ನಾದಿ, ಎರಡೂ ಅಂಗೈಯಲ್ಲಿ ಬಡಿದು ತಿರುಗಿಸುತ್ತಾ ಅಗಲ ಮಾಡಿ, ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ. ನಾನು ಪುಸ್ತಕ ಹಿಡಿದು ನಡುಮನೆಯಲ್ಲಿ ಕೂತಿರುತ್ತೇನೆ, ಒಳಗಿನಿಂದ ಆ ಟಪಟಪ ಸದ್ದು ಬರುತ್ತಿರುತ್ತದೆ. ಓದು ಒಂದು ಪುಟ ಮುಂದೆ ಹೋಗುವುದಿಲ್ಲ.

ಜೂನ್ ಮೊದಲ ವಾರ ಅವಳ ಕಾಲೇಜು ಶುರು. ವರ್ಗಾವಣೆಗೆ ಅರ್ಜಿ ಹಾಕಿದ್ದಾಳೆ, ಆದಾಗ ಆಗಲಿ. ಅಲ್ಲಿಯವರೆಗೆ ನಾನೂ ಹೋಗಿ ಬರುತ್ತಿರುತ್ತೇನೆ. ಕಲಬುರಗಿಗೆ ಎಷ್ಟು ಸಲ ಹೋಗಿದ್ದೇನೆ, ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ನೋಡಿದ್ದು ಒಂದೇ ಸಲ. ಆದರೆ ಅವಳ ಬೀದಿಯಲ್ಲಿ ಹಾಲು ಹಾಕುವವರಿಗೆ ನನ್ನ ಪರಿಚಯವಿದೆ, ತರಕಾರಿ ಅಜ್ಜಿ ನನ್ನನ್ನು ಕಂಡರೆ "ಮೇಡಂ ಮನೆಯವರು ಬಂದ್ರಿ" ಎಂದು ಹೀರೇಕಾಯಿ ಆರಿಸಿ ಕೊಡುತ್ತಾಳೆ. ಅಷ್ಟು ಸಾಕು ನನಗೆ.

ಹರಕೆ ಇದ್ದರೆ ಧರ್ಮಸ್ಥಳಕ್ಕೆ ಹೋಗು, ಅಕ್ಕನನ್ನು ನೋಡು. ಉಳಿದದ್ದನ್ನು ಹೊಡೆದು ಹಾಕು. ಜುಲೈನಲ್ಲಿ ಮಡಿಕೇರಿಯಲ್ಲಿ ಹೇಗೂ ಜಡಿಮಳೆ, ಕೋಣೆಯಿಂದ ಹೊರಗೆ ಕಾಲಿಡಲಾಗುವುದಿಲ್ಲ. ದಾವಣಗೆರೆಯಲ್ಲಿ ಅತ್ತಿಗೆಯ ಜತೆ ಮಾರುಕಟ್ಟೆಗೆ ಹೋಗು, ಗ್ಯಾಸ್ ಬುಕ್ ಮಾಡು, ಸೋರುವ ನಲ್ಲಿ ಸರಿಮಾಡಿಸು, ಮಧ್ಯಾಹ್ನ ಇಬ್ಬರೂ ಚಾಪೆ ಹಾಸಿ ಮಲಗಿ. ಅವರು ಬೆಳಿಗ್ಗೆ ಏನು ಕುಡಿಯುತ್ತಾರೆ ಎಂದು ನೋಡು.

ಸಂಡಿಗೆ ಒಂದು ಡಬ್ಬ ನಿನ್ನ ಪಾಲಿಗೆ ತೆಗೆದಿಟ್ಟಿದ್ದಾಳೆ. ದಾವಣಗೆರೆಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ, ಇಲ್ಲವಾದರೆ ನೀನು ವಿಮಾನ ಇಳಿದ ದಿನ ಇಲ್ಲಿಗೆ ಬಂದು ತೆಗೆದುಕೊಂಡು ಹೋಗು. ಊಟ ಮಾಡಿಸಿ, ಅಂದೇ ಸಂಜೆಯ ರೈಲಿಗೆ ಹತ್ತಿಸಿ ಕಳಿಸುತ್ತೇನೆ. ಒಂದು ರಾತ್ರಿಯೂ ಇಟ್ಟುಕೊಳ್ಳುವುದಿಲ್ಲ.

ನಿನ್ನ
ಬಸವನಗುಡಿಯ ಗೆಳೆಯ