ಅಂಗಡಿ ಮುಚ್ಚಿಸುವ ಆದೇಶವೂ ಪ್ರಾಣಿಯ ನೋವೂ: ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಗಾಂಧಿ ಜಯಂತಿ, ಮಹಾವೀರ ಜಯಂತಿ, ಶ್ರೀರಾಮನವಮಿ, ಕೃಷ್ಣ ಜನ್ಮಾಷ್ಟಮಿ, ಜನವರಿ 30ರ ಸರ್ವೋದಯ ದಿನ, ಇವುಗಳಲ್ಲಿ ಯಾವುದು ಹತ್ತಿರ ಬಂದರೂ ಬೆಂಗಳೂರಿನ ನಗರಾಡಳಿತದಿಂದ ಒಂದು ಆದೇಶ ಹೊರಡುತ್ತದೆ. ಆ ದಿನ ನಗರದಲ್ಲಿ ಪ್ರಾಣಿವಧೆಯನ್ನೂ ಮಾಂಸ ಮಾರಾಟವನ್ನೂ ನಿಷೇಧಿಸಲಾಗಿದೆ ಎಂಬುದು ಅದರ ಸಾರ. ನಾನು ಮಾಂಸ ತಿನ್ನುವವನಲ್ಲ. ಏಳು ವರ್ಷಗಳಿಂದ ಹಾಲು, ಮೊಸರು, ತುಪ್ಪವನ್ನೂ ಬಿಟ್ಟಿದ್ದೇನೆ. ಇಂಥ ಆದೇಶವನ್ನು ಓದಿ ಸಂತೋಷಪಡುವವರಲ್ಲಿ ನಾನು ಮೊದಲಿಗನಾಗಿರಬೇಕಿತ್ತು. ಆದರೆ ಪ್ರತಿಸಲವೂ ಅದನ್ನು ಓದಿದಾಗ ನನ್ನ ಮನಸ್ಸಿಗೆ ಬೇಸರವಾಗುತ್ತದೆ. ಆ ಬೇಸರದ ಕಾರಣವನ್ನು ತಮ್ಮ ಮುಂದೆ ಇಡುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಆದೇಶ ನಗರಾಡಳಿತದ್ದೆಂದು ಬಲ್ಲೆ. ಆದರೆ ಈ ರಾಜ್ಯದಲ್ಲಿ ಸಾಕುವ ಪ್ರತಿಯೊಂದು ಪ್ರಾಣಿಯ ಯೋಗಕ್ಷೇಮ ಕೊನೆಗೆ ತಮ್ಮ ಇಲಾಖೆಯ ಹೊಣೆಯೇ ಆದ್ದರಿಂದ ತಮಗೇ ಬರೆಯಬೇಕೆನಿಸಿತು.

ಕಳೆದ ಗಾಂಧಿ ಜಯಂತಿಯಂದು ನಮ್ಮ ರಸ್ತೆಯ ಕೊನೆಯಲ್ಲಿರುವ ಕೋಳಿ ಅಂಗಡಿಯ ಶಟರ್ ಎಳೆದಿತ್ತು. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಒಳಗಿನಿಂದ ಕೋಳಿಗಳ ಸದ್ದು ಕೇಳಿಸಿತು. ಹಿಂದಿನ ಸಂಜೆ ಮಾರಾಟವಾಗದೆ ಉಳಿದವು ಅದೇ ಕಬ್ಬಿಣದ ಪಂಜರದಲ್ಲಿ ಒಂದರ ಮೇಲೊಂದು ಬಿದ್ದುಕೊಂಡು, ಕತ್ತಲೆಯಲ್ಲಿ, ಗಾಳಿಯೂ ಸರಿಯಾಗಿ ಆಡದ ಜಾಗದಲ್ಲಿ ಅಹಿಂಸೆಯ ದಿನವನ್ನು ಕಳೆದವು. ನೀರು ಇಟ್ಟಿದ್ದರೋ ಇಲ್ಲವೋ ನೋಡಲು ದಾರಿ ಇರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯಿತು. ಆ ಆದೇಶದಿಂದ ಒಂದು ಪ್ರಾಣಿಯ ಆಯಸ್ಸು ಒಂದು ದಿನ ಹೆಚ್ಚಾಗಿರಬಹುದು, ಆದರೆ ಆ ಒಂದು ದಿನ ಎಂಥದ್ದೆಂದು ಯಾರೂ ಕೇಳಲಿಲ್ಲ.

ನನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳಿಕೊಳ್ಳಬೇಕು. ನಾನು ಬೆಳೆದದ್ದು ಗವಿಪುರದ ಒಂದು ಸಸ್ಯಾಹಾರಿ ಮನೆಯಲ್ಲಿ. ಮಹಡಿಯ ಮೇಲಿನ ಮನೆ ಖಾಲಿಯಾದಾಗಲೆಲ್ಲ ನಮ್ಮ ತಂದೆಯವರು ಗೇಟಿಗೆ ತೂಗುಹಾಕುತ್ತಿದ್ದ ಹಲಗೆಯಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಿರುತ್ತಿತ್ತು. ಆ ಎರಡು ಪದಗಳು ನಿಜವಾಗಿ ಕೇಳುತ್ತಿದ್ದುದು ಬಂದವರ ಜಾತಿಯನ್ನು ಎಂಬುದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಎಲ್ಲರಿಗೂ ಗೊತ್ತು. ತಂದೆಯವರು ತೀರಿಕೊಂಡ ಮೇಲೆ ನಾನು ಆ ಹಲಗೆಯನ್ನು ತೆಗೆದೆ. ಈಗ ಮೇಲಿನ ಮನೆಯಲ್ಲಿ ಮಂಡ್ಯದ ಕಡೆಯ ಒಂದು ಕುಟುಂಬವಿದೆ. ಯುಗಾದಿಯ ಮರುದಿನ ಹೊಸತೊಡಕಿಗೆ ಮನೆಯ ಯಜಮಾನರು ನಸುಕಿನಲ್ಲೇ ಎದ್ದು ಮೈಸೂರು ರಸ್ತೆಯ ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾರೆ, ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಬಾಡಿನ ಅಡುಗೆಯೂ ಇರುತ್ತದೆ. ಮಾಂಸ ಅವರ ಭಕ್ತಿಯೊಳಗೇ ಸೇರಿದೆ. ಅವರ ತಾಯಿಯವರು ಮಾತ್ರ ಅಂಗಡಿಯ ಬ್ರಾಯ್ಲರ್ ಕೋಳಿಯನ್ನು ಮುಟ್ಟುವುದಿಲ್ಲ. ಕಾರಣ ಕೇಳಿದಾಗ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಕಾಲ ಮೇಲೆ ನಿಂತ್ಕೊಳ್ಳಕ್ಕೂ ಆಗದಂಗೆ ಕೋಳಿ ಬೆಳೆಸಿ ತಿನ್ನೋದು ಪಾಪ ಕಣಪ್ಪ.”

ಆಹಾರದ ನೀತಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ. ಬ್ರಾಯ್ಲರ್ ಕೋಳಿ ಸುಮಾರು ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವಂತೆ ತಳಿ ಆಯ್ಕೆ ನಡೆದಿದೆ. ಎದೆಯ ಮಾಂಸ ಬೆಳೆಯುವ ವೇಗಕ್ಕೆ ಮೂಳೆ, ಕೀಲು, ಹೃದಯ ಹೊಂದಿಕೊಳ್ಳಲಾರದೆ ಎಷ್ಟೋ ಹಕ್ಕಿಗಳು ಕುಂಟುತ್ತವೆ, ಕುಸಿದು ಕೂರುತ್ತವೆ. ಪಶುವೈದ್ಯ ವಿಜ್ಞಾನ ಬರೆದಿಟ್ಟಿರುವ ಈ ಸಂಗತಿಯನ್ನು ಹಿತ್ತಲಲ್ಲಿ ನಾಟಿ ಕೋಳಿ ಸಾಕಿದ ಹೆಂಗಸೊಬ್ಬರು ಕಣ್ಣಿನಿಂದಲೇ ಕಂಡುಕೊಂಡಿದ್ದರು. ಮಾಂಸ ತಿನ್ನುವ ಅವರಿಗೆ ಪ್ರಾಣಿಯ ನೋವು ಕಾಣುತ್ತದೆ. ಸಸ್ಯಾಹಾರಿಯಾಗಿ ಹುಟ್ಟಿದ ನನಗೆ ಬಹಳ ಕಾಲ ಕಂಡಿರಲಿಲ್ಲ.

ನನಗೆ ಕಂಡದ್ದು 2018ರಲ್ಲಿ, ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿರುವ ಸೋದರತ್ತೆಯ ಮನೆಗೆ ದೀಪಾವಳಿಗೆ ಹೋಗಿದ್ದಾಗ. ಅವರ ಕೊಟ್ಟಿಗೆಯಲ್ಲಿ ಮೂರು ಸೀಮೆ ಹಸುಗಳಿದ್ದವು. ಡೈರಿಗೆ ಹಾಕುವ ಹಾಲಿನ ಬಟವಾಡೆಯಿಂದಲೇ ಅವರ ಸಂಸಾರ ನಡೆಯುತ್ತಿತ್ತು. ನಾವು ಹೋಗುವ ಮುನ್ನಾದಿನ ಒಂದು ಹಸು ಕರು ಹಾಕಿತ್ತು, ಗಂಡು. ಬೆಳಿಗ್ಗೆ ಅತ್ತೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿಕೊಟ್ಟರು, ನಾವೆಲ್ಲ ಚಪ್ಪರಿಸಿ ತಿಂದೆವು. ನಾಲ್ಕನೆಯ ದಿನ ಕೊಟ್ಟಿಗೆಯಲ್ಲಿ ಕರು ಇರಲಿಲ್ಲ. ತಾಯಿ ಹಸು ಅಂದು ರಾತ್ರಿಯಿಡೀ ಕೂಗಿತು, ಮರುದಿನವೂ ಕೂಗಿತು. ಅತ್ತೆಯನ್ನು ಕೇಳಿದಾಗ ಅವರು ನನ್ನ ಮುಖ ನೋಡದೆ ಹೇಳಿದರು: “ಗಂಡು ಕರು ಕಣೋ. ಉಳೋದಕ್ಕೆ ಟ್ರ್ಯಾಕ್ಟರ್ ಬಂತು, ಸೀಮೆ ಹೋರಿನ ಯಾರು ಕಟ್ಕೊಂಡು ಸಾಕ್ತಾರೆ? ಅದು ಕುಡಿಯೋ ಹಾಲು ಡೈರಿಗೆ ಹೋಗಬೇಕಾದ್ದು.” ಅತ್ತೆಯ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಆ ಹಾಲಿನ ದುಡ್ಡಿನಲ್ಲೇ ಅವರು ಇಬ್ಬರು ಮಕ್ಕಳನ್ನು ಓದಿಸಿದವರು. ಆದರೆ ನಾನು ತಿಂದ ಗಿಣ್ಣು ಯಾರಿಗೆ ಸೇರಬೇಕಾದದ್ದು ಎಂಬುದು ಆ ರಾತ್ರಿ ಅರ್ಥವಾಯಿತು. ಮಾಂಸ ಮುಟ್ಟದ ನಮ್ಮ ಮನೆಯ ದಿನಕ್ಕೆ ನಾಲ್ಕು ಲೋಟ ಕಾಫಿಯ ಹಿಂದೆ, ಕಣ್ಣಿಗೆ ಬೀಳದ ಕಡೆ, ಒಂದು ವಧೆ ಇದ್ದೇ ಇತ್ತು.

2021ರ ಜನವರಿಯಿಂದ ರಾಜ್ಯದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾನೂನು ಜಾರಿಯಲ್ಲಿದೆ. 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಎಲ್ಲ ಜಾನುವಾರುಗಳ ವಧೆಗೆ 3ರಿಂದ 7 ವರ್ಷದವರೆಗೆ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ಕಠಿಣವಾದ ಕಾನೂನು ಅತ್ತೆಯ ಕೊಟ್ಟಿಗೆಯಲ್ಲಿ ಹುಟ್ಟಿದಂಥ ಗಂಡು ಕರುಗಳಿಗೆ ಒಂದು ಹಿಡಿ ಹುಲ್ಲನ್ನೂ ಕೊಡಲಿಲ್ಲ. ಹಿಂದೆ ಕರುವನ್ನು ಕೊಂಡೊಯ್ಯಲು ಬರುತ್ತಿದ್ದವರು ಈಗ ಬರುವುದಿಲ್ಲ, ಸಾಕುವ ಶಕ್ತಿ ರೈತರಿಗಿಲ್ಲ. 2022ರಲ್ಲಿ ಸರ್ಕಾರವೇ ಪುಣ್ಯಕೋಟಿ ದತ್ತು ಯೋಜನೆ ತಂದು ಗೋಶಾಲೆಯ ಒಂದು ರಾಸನ್ನು ವರ್ಷಕ್ಕೆ 11 ಸಾವಿರ ರೂಪಾಯಿಗೆ ದತ್ತು ತೆಗೆದುಕೊಳ್ಳಿ ಎಂದು ಜನರನ್ನು ಕೋರಿತು. ದಿನಕ್ಕೆ 30 ರೂಪಾಯಿ. ಅದರಲ್ಲಿ ಎಷ್ಟು ಹಿಂಡಿ, ಎಷ್ಟು ಮೇವು ಬರುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಹಾಲಿನ ಲಾಭವನ್ನು ನಗರದ ನಾವು ಉಣ್ಣುತ್ತ, ದಯೆಯ ಖರ್ಚನ್ನು ಮಾತ್ರ ಹಳ್ಳಿಯ ಹೈನುಗಾರರ ಹೆಗಲಿಗೆ ಹೊರಿಸುವುದು ನ್ಯಾಯವೇ?

ಇದೇ ರಾಜ್ಯದಲ್ಲಿ ಜಾರಿಯಲ್ಲಿರುವ ಇನ್ನೊಂದು ಕಾನೂನನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇನೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅನಾವಶ್ಯಕ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದೂ ಮೈ ಅಲ್ಲಾಡಿಸಲು ಜಾಗವಿಲ್ಲದ ಪಂಜರದಲ್ಲಿ ಕೂಡಿಹಾಕುವುದೂ ಅಪರಾಧ. ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳೂ ಎಂದು ಕಾಯ್ದೆಯೇ ಹೇಳಿರುವುದರಿಂದ ಕೋಳಿಯೂ ಅದರೊಳಗೆ ಬರುತ್ತದೆ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿ ಮೀರದಂತೆ. ಆರು ದಶಕ ಕಳೆದರೂ ಆ ಮೊತ್ತ ಬದಲಾಗಿಲ್ಲ. ಬೆಳಗಿನ ಜಾವ ಈ ನಗರದ ರಸ್ತೆಗಳಲ್ಲಿ ಹತ್ತಾರು ಕೋಳಿಗಳನ್ನು ಕಾಲು ಕಟ್ಟಿ, ತಲೆಕೆಳಗಾಗಿ ದ್ವಿಚಕ್ರ ವಾಹನದ ಎರಡೂ ಬದಿಗೆ ತೂಗುಹಾಕಿಕೊಂಡು ಹೋಗುವುದನ್ನು ನೋಡದವರು ಯಾರಿದ್ದಾರೆ? ಒಂದು ಕಿಲೋ ಟೊಮೆಟೊ ಬೆಲೆಯ ದಂಡಕ್ಕೆ ಹೆದರಿ ಯಾರೂ ಅದನ್ನು ನಿಲ್ಲಿಸುವುದಿಲ್ಲ.

ಇದು ಕೇಂದ್ರದ ಕಾಯ್ದೆ, ರಾಜ್ಯ ಏನು ಮಾಡಲಾದೀತು ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. 2017ರಲ್ಲಿ ಕಂಬಳವನ್ನು ಉಳಿಸಿಕೊಳ್ಳಲು ಇದೇ ಕಾಯ್ದೆಗೆ ಕರ್ನಾಟಕದ ವಿಧಾನಮಂಡಲ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಣ ಓಡಿಸಲು ವಿನಾಯಿತಿ ಪಡೆಯುವುದಕ್ಕೆ ತೆರೆದ ದಾರಿ, ದಂಡದ ಮೊತ್ತವನ್ನು ಹೆಚ್ಚಿಸುವುದಕ್ಕೂ ತೆರೆದೇ ಇದೆ.

ವಧಾಲಯಗಳ ವಿಷಯದಲ್ಲಿ 2001ರ ನಿಯಮಗಳು ಸ್ಪಷ್ಟವಾಗಿವೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು. ಗಬ್ಬದ ಪ್ರಾಣಿಯನ್ನಾಗಲಿ, ಮೂರು ತಿಂಗಳು ತುಂಬದ ಮರಿಯನ್ನಾಗಲಿ ಕೊಲ್ಲಬಾರದು. ಪಶುವೈದ್ಯರೊಬ್ಬರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ದಿನಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪ್ರಾಣಿಗಳ ವಧೆ ನಡೆಯುವ, ಪರವಾನಗಿ ಇರುವ ಜಾಗಕ್ಕೆಲ್ಲ ಇವು ಅನ್ವಯಿಸುತ್ತವೆ. ಒಂದು ಭಾನುವಾರ ಬೆಳಿಗ್ಗೆ ಯಾವುದೇ ಬಡಾವಣೆಯ ಕೋಳಿ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ, ಪಂಜರದಲ್ಲಿರುವ ಹಕ್ಕಿಗಳ ಒಂದು ಮಾರು ದೂರದಲ್ಲೇ ಅವುಗಳ ಜೊತೆಯವನ್ನು ಕತ್ತರಿಸುವುದು ಕಾಣುತ್ತದೆ. ಅಂಗಡಿಯಲ್ಲಿ ದುಡಿಯುವ ಹುಡುಗರನ್ನು ನಾನು ದೂರುವುದಿಲ್ಲ. ಅವರಿಗೆ ಬೇರೆ ಜಾಗವನ್ನಾಗಲಿ ತರಬೇತಿಯನ್ನಾಗಲಿ ಯಾರೂ ಕೊಟ್ಟಿಲ್ಲ. ಪರವಾನಗಿ ಕೊಡುವ ಕಚೇರಿ ಕೇಳಿದರೆ ತಾನೆ ಅವರು ಮಾಡುವುದು?

ಶಾಲೆಗಳ ಮೊಟ್ಟೆಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ನನ್ನಂಥವರ ಹೆಸರು ಹೇಳಿ ಅದನ್ನು ವಿರೋಧಿಸುವವರೊಡನೆ ನನ್ನನ್ನು ಸೇರಿಸಬೇಡಿ. ಮನೆಯಲ್ಲಿ ಬೇಳೆಯೂ ಸಾಕಷ್ಟು ಸಿಗದ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ಕಿತ್ತುಕೊಳ್ಳುವುದಕ್ಕೆ ಹೊಟ್ಟೆ ತುಂಬಿದವರ ತತ್ವ ಕಾರಣವಾಗಬಾರದು. ತಿನ್ನದ ಮಗುವಿಗೆ ಬಾಳೆಹಣ್ಣು ಇದ್ದೇ ಇದೆ. ಆದರೆ 2024ರಿಂದ ವಾರಕ್ಕೆ ಆರು ದಿನ, 50 ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ ನಡೆಯುತ್ತಿರುವ ಈ ಯೋಜನೆಯಿಂದ ರಾಜ್ಯದಲ್ಲಿ ಮೊಟ್ಟೆ ಕೊಳ್ಳುವವರಲ್ಲಿ ಸರ್ಕಾರವೇ ಬಹು ದೊಡ್ಡ ಗಿರಾಕಿಯಾಗಿದೆ. ಆ ಮೊಟ್ಟೆಯ ಬಹುಪಾಲು ಬರುವುದು ತಂತಿ ಪಂಜರಗಳಿಂದ, ಒಂದು ಕೋಳಿಗೆ ಎ-4 ಹಾಳೆಯಷ್ಟೂ ಜಾಗವಿಲ್ಲದ, ರೆಕ್ಕೆ ಬಿಚ್ಚಲಾಗದ, ಮಣ್ಣು ಕೆದಕಲಾಗದ ಪಂಜರಗಳಿಂದ. ಮೊಟ್ಟೆಯಿಡದ ಗಂಡು ಮರಿಗಳನ್ನು ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಇದೇ ಕೋಳಿಗಳ ಸಾಕಣೆ, ಸಾಗಣೆಯನ್ನು ಪರಿಶೀಲಿಸಿ ಸುಧಾರಣೆಗೆ ನಿಯಮಗಳನ್ನು ಸೂಚಿಸಿತ್ತು. ಮೊಟ್ಟೆ ಖರೀದಿಯ ನಿಯಮ ಬರೆಯುವ ಸರ್ಕಾರ, ಇಂತಿಷ್ಟು ಪಾಲು ಪಂಜರವಿಲ್ಲದ ಸಾಕಣೆಯಿಂದ, ಮಹಿಳಾ ಸಂಘಗಳ ಹಿತ್ತಲ ಕೋಳಿಗಳಿಂದ ಬರಬೇಕು, ಆ ಪಾಲು ವರ್ಷವರ್ಷ ಹೆಚ್ಚಬೇಕು ಎಂಬ ಒಂದು ಸಾಲನ್ನೂ ಬರೆಯಬಹುದಲ್ಲವೇ?

ನನ್ನ ನಂಬಿಕೆಯನ್ನು ಮುಚ್ಚಿಡುವುದಿಲ್ಲ. ಬೇರೆ ಊಟದಿಂದ ಆರೋಗ್ಯವಾಗಿ ಬದುಕಬಲ್ಲವನು ಪ್ರಾಣಿಯನ್ನು ಕೊಲ್ಲುವುದು ತಪ್ಪೆಂದೇ ನಾನು ತಿಳಿದಿದ್ದೇನೆ. ಗಿಡಕ್ಕೂ ಜೀವವಿಲ್ಲವೇ ಎಂದು ಕೇಳುವ ಸ್ನೇಹಿತರಿದ್ದಾರೆ. ಕರುವನ್ನು ಕಳೆದುಕೊಂಡು ಎರಡು ದಿನ ಕೂಗಿದ ಹಸುವನ್ನು ಕೇಳಿದ ಮೇಲೆ ಆ ಪ್ರಶ್ನೆ ನನ್ನನ್ನು ಕಾಡಿಲ್ಲ. ಆದರೆ 2014ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರವೇ ಈ ರಾಜ್ಯದ ಐವರು ವಯಸ್ಕರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ನನ್ನ ನಂಬಿಕೆಯನ್ನು ಆದೇಶದ ಮೂಲಕ ಅವರ ಒಲೆಯ ಮೇಲೆ ಹೇರುವ ಹಕ್ಕು ನನಗಿಲ್ಲ, ನಗರಾಡಳಿತಕ್ಕೂ ಇಲ್ಲ. ಹಬ್ಬದ ದಿನ ಅಂಗಡಿ ಮುಚ್ಚಿಸುವುದರಿಂದ ತಿನ್ನುವವರು ಕೀಳೆಂಬ ಒಂದು ತೀರ್ಪು ಹೊರಬೀಳುತ್ತದೆ, ಪ್ರಾಣಿಗೆ ಏನೂ ದಕ್ಕುವುದಿಲ್ಲ. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಅನುಕಂಪ ಹೊಂದುವುದನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಅಲ್ಲಿ ಸಸ್ಯಾಹಾರಿ, ಮಾಂಸಾಹಾರಿ ಎಂಬ ಭೇದವಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಪ್ರಾಣಿಹಿಂಸೆ ತಡೆ ಕಾಯ್ದೆಯ ದಂಡವನ್ನು ಹೆಚ್ಚಿಸುವ ರಾಜ್ಯ ತಿದ್ದುಪಡಿಯ ಮಸೂದೆಯನ್ನು ಬರುವ ಅಧಿವೇಶನದಲ್ಲಿ ಮಂಡಿಸಿ. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವನ್ನು ಸಣ್ಣ ಹೈನುಗಾರರಿಗೂ ಕೈಗೆಟಕುವ ದರದಲ್ಲಿ ಒದಗಿಸಿ. ಅದಕ್ಕೂ ಮೊದಲು, ಈಗ ಹುಟ್ಟುತ್ತಿರುವ ಗಂಡು ಕರುಗಳ ಸಾಕಣೆಯ ಖರ್ಚನ್ನು ಹಾಲಿನ ಬೆಲೆಯಲ್ಲಿ ಸೇರಿಸಿ, ಅದರಿಂದ ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚಾದರೆ ಹಾಲು ಕುಡಿಯುವ ನಗರ ಅದನ್ನು ಕೊಡಲಿ. ವಧಾಲಯಗಳ ಮತ್ತು ಕೋಳಿ ಅಂಗಡಿಗಳ ತಪಾಸಣೆಯ ವರದಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ, ಎಲ್ಲರೂ ಓದುವಂತೆ ಪ್ರಕಟಿಸಿ.

ಮಾರಾಟ ನಿಷೇಧದ ಮುಂದಿನ ಆದೇಶ ಹೊರಡುವ ಮೊದಲು ಒಂದು ದಿನ, ನಸುಕಿನ ನಾಲ್ಕು ಗಂಟೆಗೆ, ಗಾಡಿಗಳಿಂದ ಕೋಳಿ ಇಳಿಸುವ ಹೊತ್ತಿಗೆ, ಯಾರಿಗೂ ಮುನ್ಸೂಚನೆ ಕೊಡದೆ ನಗರದ ಯಾವುದಾದರೂ ಮಾರುಕಟ್ಟೆಗೆ ಬನ್ನಿ. ನಾನು ಬರುತ್ತೇನೆ. ನಮ್ಮ ಮಹಡಿ ಮನೆಯವರಿಗೂ ಈ ಪತ್ರವನ್ನು ಓದಿ ಹೇಳಿದ್ದೇನೆ, ಸಚಿವರು ಬರುವುದಾದರೆ ತಾನೂ ಬರುವುದಾಗಿ ಆ ತಾಯಿ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಗವಿಪುರದ ಒಬ್ಬ ನಿವಾಸಿ,
ಬೆಂಗಳೂರು